ವೇ ಬ್ರಿಡ್ಜ್ ರೂಮಿನ ಕೇಬಲ್ಲು

ಏಜಾಜ್ ಅಹಮದ್‌ಗೆ ಕೋಪ ಮೂಗಿನ ತುದೀಲೇ ಅಂತ ತುಮಕೂರಿನ ಬಿ.ಎಚ್. ರೋಡಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಸುಳ್ಳೇನಲ್ಲ ಬಿಡಿ. ಮೊದಲು ರೇಡಿಯೋ, ಆಮೇಲೆ ಟೀವಿ, ಆಮೇಲೆ ಕಂಪ್ಯೂಟರು, ಹೀಗೆ ಮೂವತ್ತು ವರ್ಷ ಬಿಚ್ಚಿ ಜೋಡಿಸಿದೋನು ನಾನು. ಸ್ಕ್ರೂ ಕಂಡಕಂಡಲ್ಲಿ ಇಟ್ರೆ ಬೈತೀನಿ. ಮಾಡಿದ ಕೆಲಸ ಬರೆದಿಡ್ಲಿಲ್ಲ ಅಂದ್ರಂತೂ ಮುಗೀತು, ಬೀದಿ ಜನ ನಿಂತು ನೋಡೋ ಹಂಗೆ ಬೈತೀನಿ. ಈ ಬೈಗುಳ ಎಲ್ಲರಿಗಿಂತ ಜಾಸ್ತಿ ತಿಂದೋಳು ನನ್ನ ಮಗಳು ಮೆಹನಾಜ್. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದೋಳೇ ಬೇರೆ ಕಡೆ ಎಲ್ಲೂ ಅರ್ಜಿ ಹಾಕದೆ ನನ್ನ ಅಂಗಡೀಲೇ ಕೂತ್ಳು. ಮನೇಲಿ ನಾವು ಉರ್ದು ಮಾತಾಡೋರು. ಆದ್ರೆ ಅಂಗಡಿ ಜಗಳ ಎಲ್ಲ ಕನ್ನಡದಲ್ಲೇ. ಸ್ಕ್ರೂಡ್ರೈವರ್ ಕೈಗೆ ಬಂದ ತಕ್ಷಣ ಇಬ್ಬರ ನಾಲಿಗೆನೂ ಕನ್ನಡಕ್ಕೆ ತಿರುಗುತ್ತೆ.

ಎರಡು ಸಾವಿರದ ಎರಡರಲ್ಲಿ ನನ್ನ ಬಲಗೈ ನಡುಗೋಕೆ ಶುರುವಾಯ್ತು. ಡಾಕ್ಟರು ಮಾತ್ರೆ ಕೊಟ್ರು, ನಡುಕ ಹೋಗ್ಲಿಲ್ಲ. ಟೀ ಲೋಟಾನೇ ಎರಡು ಕೈಲಿ ಹಿಡೀಬೇಕು, ಇನ್ನು ನೆಟ್‌ವರ್ಕ್ ಕೇಬಲ್ಲಿನ ಎಂಟು ಸಣ್ಣ ತಂತಿ ಸಾಲಾಗಿ ಜೋಡಿಸೋದು ಎಲ್ಲಿ ಬಂತು! ಅವತ್ತಿಂದ ಕೆಲಸ ಎಲ್ಲ ಮೆಹನಾಜಂದು, ರಿಪೋರ್ಟಿನ ಕೆಳಗೆ ಸೈನು ಮಾತ್ರ ನಂದು. ಅವಳು ಒಬ್ಳೇ ಹೋದ ಕಡೆ ಗಿರಾಕಿಗಳು ‘ಸಾಬ್ರು ಬರ್ಲಿಲ್ವಾ? ಮಗಳನ್ನ ಕಳ್ಸವ್ರೆ’ ಅಂತ ಮುಖ ಸಣ್ಣ ಮಾಡೋರು. ಅವಳು ಕೆಲಸ ಮುಗಿಸಿ ಬಂದು ನನ್ನ ಮುಂದೆ ಹಾಳೆ ಇಡೋಳು, ನಾನು ನಡುಗೋ ಕೈಲಿ ಗೀಚ್ತಿದ್ದೆ. ಅವಳು ಮಾಡಿದ್ದಕ್ಕೆ ನನ್ನ ಹೆಸರು. ನನಗೇ ನಾಚಿಕೆ ಆಗೋದು.

ಎರಡು ಸಾವಿರದ ನಾಲ್ಕರ ಜುಲೈ ತಿಂಗಳು. ಗುಬ್ಬಿಯಲ್ಲಿ ಕೊಬ್ಬರಿ ಪುಡಿ ಫ್ಯಾಕ್ಟರಿ ಇಟ್ಟಿರೋ ಮೋಹನ್‌ಕುಮಾರ್ ಫೋನ್ ಮಾಡಿದ್ರು. ಅವರ ಫ್ಯಾಕ್ಟರಿಯ ಕಂಪ್ಯೂಟರ್ ಎಲ್ಲ ಮೊದಲಿಂದ ನಾನೇ ನೋಡ್ಕೊಂಡು ಬಂದಿದ್ದೆ. ಹೊಸದಾಗಿ ಒಂದು ಸರ್ವರ್ ತರಿಸಿದ್ರು, ಅದಕ್ಕೆ ಲಿನಕ್ಸ್ ಅನ್ನೋ ಸಾಫ್ಟ್‌ವೇರ್ ಹಾಕ್ಬೇಕಿತ್ತು.

"ಏಜಾಜ್ ಅವ್ರೇ, ನೀವೇ ಬರ್ಬೇಕು" ಅಂದ್ರು.

"ನನ್ನ ಕೈಲಿ ಆಗಲ್ಲ ಸಾರ್. ಮಗಳು ಮಾಡ್ತಾಳೆ" ಅಂದೆ.

ಅವರು ಮುಚ್ಚುಮರೆ ಇಲ್ದೆ ಹೇಳಿದ್ರು. "ನೋಡಿ, ಸರ್ವರ್ ಮಾರಿದ ಬೆಂಗಳೂರಿನವರು ನಾವೇ ಹಾಕ್ಕೊಡ್ತೀವಿ, ಮುಂದಕ್ಕೂ ನಾವೇ ನೋಡ್ಕೋತೀವಿ ಅಂತ ದಿನಾ ಪ್ರಾಣ ತಿಂತಿದ್ದಾರೆ. ನಿಮ್ಮ ಮುಖ ನೋಡ್ಕೊಂಡು ಒಂದು ದಿನ ಕೊಡ್ತೀನಿ. ಗುರುವಾರ ಸಾಯಂಕಾಲ ಐದು ಗಂಟೆಗೆ ಸರ್ವರ್ ಓಡ್ತಿರ್ಬೇಕು. ಓಡಿದ್ರೆ ಇನ್ಮೇಲೆ ನಿಮ್ಮ ಮಗಳೇ ನಮ್ಮ ಇಂಜಿನಿಯರ್ರು. ಇಲ್ಲ ಅಂದ್ರೆ ಅವರಿಗೆ ಹೇಳಿಬಿಡ್ತೀನಿ, ಬೇಜಾರ್ ಮಾಡ್ಕೋಬೇಡಿ."

ಆ ಫ್ಯಾಕ್ಟರಿ ಕೈ ಬಿಟ್ರೆ ನಮ್ಮ ಅಂಗಡಿ ನಿಲ್ಲಲ್ಲ ಅಂತ ನನಗೂ ಗೊತ್ತು, ಮೆಹನಾಜ್‌ಗೂ ಗೊತ್ತು. ನನ್ನ ತಮ್ಮ ಝುಬೇರ್ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇಡೋಣ ಅಂತ ಆರು ತಿಂಗಳಿಂದ ಜೊಲ್ಲು ಸುರಿಸ್ತಿದ್ದ. ‘ಹೆಣ್ಣು ಹುಡುಗಿ ಎಷ್ಟು ದಿನ ಅಂತ ಊರೂರು ತಿರುಗ್ತಾಳೆ ಭಾಯ್’ ಅಂತ ರಾಗ ಬೇರೆ.

ಬುಧವಾರ ಊಟಕ್ಕೆ ಕೂತಾಗ ಮೆಹನಾಜ್ ನನಗೆ ಷರತ್ತು ಹಾಕಿದ್ಲು. "ಅಬ್ಬಾ, ನೀವು ಬನ್ನಿ, ಬೇಡ ಅನ್ನಲ್ಲ. ಆದ್ರೆ ಕೈ ಹಾಕೋ ಹಂಗಿಲ್ಲ, ಬಾಯಿ ಹಾಕೋ ಹಂಗೂ ಇಲ್ಲ. ನೀವು ಒಂದು ಮಾತು ಹೇಳಿಕೊಟ್ರೂ ಅದು ನಾನು ಮಾಡಿದಂಗಾಗಲ್ಲ."

"ಆಯ್ತು ಕಣೇ, ಬಾಯಿಗೆ ಬೀಗ" ಅಂದೆ.

ನನ್ನ ಹೆಂಡತಿ ಬಾನು ರೊಟ್ಟಿ ಬಡಿಸ್ತಿದ್ದೋಳು ಕೈ ನಿಲ್ಲಿಸಿ ನಕ್ಕುಬಿಟ್ಲು. ಇಪ್ಪತ್ತೇಳು ವರ್ಷ ನನ್ನ ಜೊತೆ ಬಾಳ್ವೆ ಮಾಡಿದೋಳಲ್ವಾ, ನಗದೆ ಇನ್ನೇನು ಮಾಡ್ತಾಳೆ.

ಗುರುವಾರ ಶೆಟ್ಟಿಹಳ್ಳಿಯ ಮನೆಯಿಂದ ಅವಳ ಸ್ಕೂಟೀಲೇ ಹೊರಟ್ವಿ. ಅವಳು ಓಡಿಸ್ತಿದ್ಲು, ನಾನು ಟೂಲ್ ಬ್ಯಾಗ್ ತಬ್ಕೊಂಡು ಹಿಂದೆ. ಹತ್ತು ಗಂಟೆಗೆ ಫ್ಯಾಕ್ಟರಿ ಆಫೀಸಲ್ಲಿ ಸರ್ವರ್ ಡಬ್ಬ ಬಿಚ್ಚಿದ್ಲು. ಮೊದಲ ಏಟೇ ಅಪಶಕುನ. ಸರ್ವರ್‌ನ ಸಿಡಿ ಡ್ರೈವು ಸತ್ತು ಬಿದ್ದಿತ್ತು, ಸಿಡಿ ಹಾಕಿದ್ರೆ ಕರಕರ ಅನ್ನುತ್ತೆ, ಓದಲ್ಲ. ನಾನಾಗಿದ್ರೆ ಮಾರಿದೋನಿಗೆ ಫೋನ್ ಮಾಡಿ ಅವನ ವಂಶಾನೇ ವಿಚಾರಿಸ್ಕೊಂಡಿರ್ತಿದ್ದೆ. ಇವಳು ಉಸಿರೆತ್ತದೆ ಲಿನಕ್ಸಿನ ಮೂರು ಸಿಡಿಗಳನ್ನೂ ಆಫೀಸಿನ ಇನ್ನೊಂದು ಕಂಪ್ಯೂಟರಿಗೆ ಕಾಪಿ ಮಾಡಿದ್ಲು. ಸರ್ವರನ್ನ ಒಂದು ಫ್ಲಾಪಿಯಿಂದ ಎಬ್ಬಿಸಿ, ಉಳಿದಿದ್ದನ್ನೆಲ್ಲ ಆ ಕಂಪ್ಯೂಟರಿಂದ ಕೇಬಲ್ ಮೂಲಕ ಎಳ್ಕೊಳ್ಳೋ ಏರ್ಪಾಡು. ಪಕ್ಕದ ಮನೆ ಬಾವಿಗೆ ಪೈಪ್ ಹಾಕಿ ನಮ್ಮ ತೊಟ್ಟಿ ತುಂಬಿಸಿದಂಗೆ. ಶಾಬಾಷ್ ಅನ್ನೋಕೆ ಬಾಯಿ ತೆಗೆದೋನು ಷರತ್ತು ನೆನಪಾಗಿ ಕೆಮ್ಮಿದೆ.

ನೆಟ್‌ವರ್ಕಲ್ಲಿ ಪ್ರತಿ ಮೆಷಿನ್‌ಗೂ ಒಂದು ನಂಬರ್ ಕೊಡಬೇಕು, ಮನೆಗೆ ಡೋರ್ ನಂಬರ್ ಇದ್ದಂಗೆ. ಯಾವ ಮೆಷಿನ್‌ಗೆ ಯಾವ ನಂಬರ್ ಅಂತ ನಾನೇ ಬರೆದು ಬೀರು ಬಾಗಿಲ ಒಳಗೆ ಅಂಟಿಸಿದ್ದ ಪಟ್ಟಿನ ಅವಳು ಬೆರಳಿಟ್ಟು ಓದಿದ್ಲು. ಪಟ್ಟೀಲಿ ಇಲ್ಲದ ಒಂದು ನಂಬರ್ ಆರಿಸ್ಕೊಂಡು, ಆಫೀಸಿನ ಕಂಪ್ಯೂಟರಿಂದ ಆ ನಂಬರಿಗೆ ಕೂಗಿ ನೋಡಿದ್ಲು. ಅದಕ್ಕೆ ಪಿಂಗ್ ಅಂತೀವಿ. ಯಾರೂ ಓ ಅನ್ಲಿಲ್ಲ. ಖಾಲಿ ಇದೆ ಅಂತ ಖಾತ್ರಿ ಮಾಡ್ಕೊಂಡು ಸರ್ವರ್‌ಗೆ ಅದನ್ನೇ ಹೊಡೆದ್ಲು. ಕೊನೇಲಿ ಏಳು ಚುಕ್ಕೆ ಎಂಬತ್ತಾರು. ಏಳ್ನೂರ ಎಂಬತ್ತಾರು ನಮ್ಮಲ್ಲಿ ಬಿಸ್ಮಿಲ್ಲಾ ಬದಲು ಬರೆಯೋ ನಂಬರ್ರು, ಬರ್ಕತ್ತಿಂದು, ಶುಭದ್ದು, ಅಂಗಡಿ ಬಾಗಿಲ ಮೇಲೂ ಬರೀತೀವಿ, ಆಟೋ ಮೇಲೂ ಬರೀತೀವಿ. ಅದನ್ನ ನೋಡಿ ನನ್ನ ಕಣ್ಣು ತುಂಬಿ ಬಂತು. ನನ್ನ ಮಗಳು ದೊಡ್ಡ ಕೆಲಸಾನ ಬಿಸ್ಮಿಲ್ಲಾ ಅಂತ ಶುರು ಮಾಡ್ತಿದ್ದಾಳೆ ಅಂತ ಖುಷಿಯಾಯ್ತು.

ಹನ್ನೊಂದೂವರೆಗೆ ಇನ್‌ಸ್ಟಾಲ್ ಶುರುವಾಯ್ತು. ನೀಲಿ ಪಟ್ಟೆ ತೆವಳ್ಕೊಂಡು ಮೂವತ್ತು ಪರ್ಸೆಂಟ್ ದಾಟ್ತು, ಅಲ್ಲೇ ನಿಂತ್ಕೊಂತು. ‘ಫೈಲ್ ಸಿಗ್ತಿಲ್ಲ, ಮತ್ತೆ ಪ್ರಯತ್ನಿಸಲಾ?’ ಅಂತ ಇಂಗ್ಲಿಷಲ್ಲಿ ಕೇಳುತ್ತೆ. ಹ್ಞೂಂ ಅಂದ್ರೆ ಮತ್ತೆ ಅದೇ ರಾಗ. ಮಜಾ ನೋಡಿ, ಕೇಬಲ್ ಹತ್ರ ದೀಪ ಹಸಿರಾಗೇ ಉರೀತಿದೆ. ತಂತಿ ಸರಿಯಿದೆ, ಮಾತು ಮಾತ್ರ ನಿಂತಿದೆ. ಮೆಹನಾಜ್ ಆ ಕೇಬಲ್ ಕಿತ್ತು, ಹೊಸದೊಂದರ ತುದಿಗೆ ಪ್ಲಗ್ಗು ಒತ್ತಿ ಕ್ರಿಂಪ್ ಮಾಡಿ ಹಾಕಿದ್ಲು. ಕೇಬಲ್‌ಗಳೆಲ್ಲ ಬಂದು ಸೇರೋ ‘ಹಬ್’ ಡಬ್ಬೀಲಿ ಬೇರೆ ತೂತಿಗೆ ಚುಚ್ಚಿದ್ಲು. ಮೊದಲಿಂದ ಶುರು. ಅರವತ್ತು ಪರ್ಸೆಂಟ್‌ಗೆ ಬಂದು ಮತ್ತೆ ಸತ್ತೋಯ್ತು.

"ಕಾರ್ಡು..." ಅಂತ ನನ್ನ ಬಾಯಿಂದ ಜಾರಿಬಿಡ್ತು.

ಅವಳು ತಿರುಗಿದ್ಲು. ಥೇಟ್ ನನ್ನ ಕಣ್ಣು. "ಅಬ್ಬಾ, ಹೊರಗೆ ಹೋಗಿ ಕೂತ್ಕೊಳ್ಳಿ."

ಹೋದೆ. ಹೋಗ್ದೆ ಏನು ಮಾಡ್ಲಿ, ಕೊಟ್ಟ ಮಾತು. ಗೋಡೆ ಪಕ್ಕ ಬೇವಿನ ಮರದ ಕೆಳಗೆ ಕಲ್ಲು ಬೆಂಚಿತ್ತು, ಅಲ್ಲಿಂದ ಕಿಟಕೀಲಿ ಅವಳೂ ಕಾಣ್ತಿದ್ಲು, ಅವಳ ಮುಂದಿನ ಪರದೆನೂ ಕಾಣ್ತಿತ್ತು. ಸರ್ವರ್ ಒಳಗೆ ಕೇಬಲ್ ಬಂದು ಸೇರೋ ನೆಟ್‌ವರ್ಕ್ ಕಾರ್ಡೂ ಬದಲಾಯಿಸಿದ್ಲು. ಬಾನು ಕಟ್ಟಿಕೊಟ್ಟಿದ್ದ ಬುತ್ತಿ ಮುಟ್ಲಿಲ್ಲ, ನನಗೂ ಇಳೀಲಿಲ್ಲ. ಎರಡು ಗಂಟೆಗೆ ಮತ್ತೆ ಶುರು ಮಾಡಿದ್ಲು. ಎರಡೂ ಮುಕ್ಕಾಲಿಗೆ ಪಟ್ಟೆ ಇನ್ನೇನು ಮುಗೀತು ಅನ್ನುವಾಗ ಮತ್ತೆ ಅದೇ ಗತಿ. ಅವಳು ಕುರ್ಚಿಗೆ ಒರಗಿ ದುಪಟ್ಟಾ ತುದೀಲಿ ಕಣ್ಣೊರೆಸ್ಕೊಂಡ್ಲು. ಯಾರೂ ನೋಡ್ತಿಲ್ಲ ಅಂದ್ಕೊಂಡಿದ್ಲು. ಚಿಕ್ಕೋಳಿದ್ದಾಗ ಬಿದ್ದು ಮಂಡಿ ತರಚ್ಕೊಂಡ್ರೂ ಅಳದೇ ಇದ್ದೋಳು ಅವಳು. ಅಲ್ಲಿ ಕೂರೋಕಾಗದೆ ಎದ್ದು ಗೇಟಿನ ಕಡೆ ನಡೆದೆ.

ಗೇಟ್ ಪಕ್ಕದಲ್ಲೇ ವೇ ಬ್ರಿಡ್ಜ್ ಇರೋದು. ಕಾಯಿ ಲೋಡಿನ ಲಾರಿಗಳನ್ನ ಅದರ ಮೇಲೆ ನಿಲ್ಲಿಸಿ ತೂಕ ಮಾಡ್ತಾರೆ. ಪಕ್ಕದ ಪುಟ್ಟ ರೂಮಲ್ಲಿ ಒಂದು ಹಳೇ ಕಂಪ್ಯೂಟರು, ತೂಕದ ಚೀಟಿ ಹೊಡೆಯೋದಕ್ಕೆ. ಅದನ್ನ ನೋಡ್ಕೊಳ್ಳೋ ಚೌಡಪ್ಪ ನನ್ನ ಹಳೇ ಸ್ನೇಹಿತ.

"ಬನ್ನಿ ಸಾಬ್ರೇ, ಯಾಕೆ ಮಖ ಬಾಡೋಗದೆ?" ಅಂತ ಸ್ಟೂಲ್ ಎಳೆದ. ಫ್ಲಾಸ್ಕಿಂದ ಟೀ ಬಗ್ಗಿಸಿ, ನನ್ನ ಕೈ ನೋಡಿ ಅರ್ಧ ಲೋಟ ಮಾತ್ರ ಕೊಟ್ಟ. ನಾನು ಬೆಳಗ್ಗೆಯಿಂದ ಆದದ್ದು ಹೇಳ್ಕೊಂಡೆ. ಅಷ್ಟರಲ್ಲಿ ಊರ್ಡಿಗೆರೆ ಕಡೆಯಿಂದ ಒಂದು ಲಾರಿ ಬಂತು. ಚೌಡಪ್ಪ ಕಂಪ್ಯೂಟರಿನ ಸ್ವಿಚ್ ಒತ್ತಿದ.

"ಏನಯ್ಯಾ, ಆಫ್ ಮಾಡಿಟ್ಟಿರ್ತೀಯಾ ಇದನ್ನ?"

"ಲಾರಿ ಬಂದಾಗ ಹಾಕ್ತೀನಿ, ಚೀಟಿ ಹೊಡುದ್ರೆ ಆರಿಸ್ತೀನಿ. ಸುಮ್ ಸುಮ್ಕೆ ಯಾಕ್ ಕರೆಂಟ್ ಉರೀಬೇಕು? ಬೆಳಗಿಂದ ಇದು ನಾಕ್ನೇ ಲಾರಿ."

ಕಂಪ್ಯೂಟರ್ ಎದ್ದು ಕೂತ್ಕೊಳ್ತಾ ಪರದೆ ಮಧ್ಯ ಒಂದು ಡಬ್ಬಿ ಮೂಡ್ತು. ಚೌಡಪ್ಪ ಅದರ ಕಡೆ ನೋಡದೇನೇ ಓಕೆ ಒತ್ತಿಬಿಟ್ಟ.

"ಏನದು?"

"ಯಾವನಿಗ್ ಗೊತ್ತು. ಇವತ್ತು ಪ್ರತಿ ಸಲಾನೂ ಇಂಗ್ಲಿಷ್ನಾಗೆ ಅದೇನೋ ಬತ್ತಾದೆ. ಓಕೆ ಒತ್ತುದ್ರೆ ಹೊಂಟೋಯ್ತದೆ ಬುಡಿ."

ಚೀಟಿ ಹೊಡೆದಾದ ಮೇಲೆ ಇನ್ನೊಂದು ಸಲ ಆಫ್ ಮಾಡಿ ಆನ್ ಮಾಡಿಸಿದೆ. ಡಬ್ಬಿ ಮತ್ತೆ ಬಂತು. ಅವನ ಕೈ ತಳ್ಳಿ ಓದಿದೆ. ಈ ಮೆಷಿನ್ನಿನ ನಂಬರ್ರು ಆಗಲೇ ಇನ್ನೊಂದು ಮೆಷಿನ್ ಹತ್ರ ಇದೆ ಅಂತ ಬರೆದಿತ್ತು. ನಂಬರ್ ಏಳು ಚುಕ್ಕೆ ಎಂಬತ್ತಾರು.

ತೊಂಬತ್ತೊಂಬತ್ತರ ಡಿಸೆಂಬರು, ರಂಜಾನ್ ತಿಂಗಳು. ಆಫೀಸಿಂದ ಈ ರೂಮಿಗೆ ಕೇಬಲ್ ಎಳೆದು ಈ ಮೆಷಿನ್ ಕೂರಿಸಿದೋನು ನಾನೇ. ರೋಜಾ ಉಪವಾಸ ಬಿಡೋ ಹೊತ್ತಾಗ್ತಾ ಬಂದಿತ್ತು, ತುಮಕೂರಿನ ಬಸ್ ಹಿಡೀಬೇಕಿತ್ತು. ಬರ್ಕತ್ ಇರಲಿ ಅಂತ ಆ ನಂಬರ್ ಕೊಟ್ಟೆ. ಪಟ್ಟೀಲಿ ನಾಳೆ ಬರೆದ್ರಾಯ್ತು ಅಂತ ಓಡಿದೆ. ಆ ನಾಳೆ ನಾಲ್ಕೂವರೆ ವರ್ಷ ಆದ್ರೂ ಬರಲಿಲ್ಲ.

ಈಗ ಎಲ್ಲ ನಿಚ್ಚಳವಾಯ್ತು. ಒಂದು ನಂಬರಿಗೆ ಒಂದೇ ಮೆಷಿನ್ ಇರಬೇಕು. ಲಾರಿ ಬಂದಾಗೆಲ್ಲ ಇದು ಎದ್ದು ‘ನಾನೇ ಏಳು ಎಂಬತ್ತಾರು’ ಅಂತ ಕೂಗುತ್ತೆ. ಆಫೀಸಿನ ಕಂಪ್ಯೂಟರ್ ಅದನ್ನ ನಂಬ್ಕೊಂಡು ಸರ್ವರ್‌ಗೆ ಕೊಡಬೇಕಾದ ಫೈಲನ್ನ ಇಲ್ಲಿಗೆ ಕಳಿಸೋಕೆ ಹೋಗುತ್ತೆ. ಅಲ್ಲಿ ನನ್ನ ಮಗಳ ಪಟ್ಟೆ ನಿಂತೋಗುತ್ತೆ. ಅವಳು ಪಿಂಗ್ ಮಾಡಿದಾಗ ಇದು ಆಫ್ ಆಗಿತ್ತು, ಹೇಗೆ ಓ ಅಂದೀತು? ಅವಳದ್ದು ಎಳ್ಳಷ್ಟೂ ತಪ್ಪಿಲ್ಲ. ಬರೆದಿಡು ಬರೆದಿಡು ಅಂತ ಊರಿಗೆಲ್ಲ ಬೈಕೊಂಡು ತಿರುಗೋ ಈ ಮುದಿಗೂಬೆಯದ್ದು ತಪ್ಪು.

ಗೋಡೆ ಗಡಿಯಾರದಲ್ಲಿ ಮೂರೂವರೆ. ಹೋಗಿ ಹೇಳಿದ್ರೆ? ಷರತ್ತು ಮುರಿದಂಗೆ. ಅಪ್ಪ ಬಂದು ಸರಿಮಾಡ್ದ ಅಂತ ಮೋಹನ್‌ಕುಮಾರ್ ಅಂತಾರೆ, ಅವಳು ಇನ್ನೂ ನನ್ನ ಹೆಸರಿನ ಕೆಳಗೇ ಉಳೀತಾಳೆ. ಹೇಳದೆ ಇದ್ರೆ? ಇನ್ನೊಂದು ಲಾರಿ ಬರುತ್ತೆ, ಐದು ಗಂಟೆ ಆಗುತ್ತೆ, ಎಲ್ಲ ಮುಗಿಯುತ್ತೆ. ಆ ದುಪಟ್ಟಾ ತುದಿ ಕಣ್ಣ ಮುಂದೆ ಬಂತು. ನಾನು ಜಾಸ್ತಿ ಯೋಚನೆ ಮಾಡ್ಲಿಲ್ಲ. ಮೆಷಿನ್ ಹಿಂದೆ ಕೈ ಹಾಕಿದೆ. ಕೇಬಲ್ಲಿನ ಪುಟ್ಟ ಕ್ಲಿಪ್ ಒತ್ತಬೇಕು, ನಡುಗೋ ಬೆರಳಿಗೆ ಸಿಗ್ತಾನೇ ಇಲ್ಲ. ಮೂರು ಸಲ ಜಾರಿ ನಾಲ್ಕನೇ ಸಲಕ್ಕೆ ಕಿತ್ತು ಬಂತು.

"ಏನ್ ಮಾಡ್ತಿದೀರಾ ಸಾಬ್ರೇ?"

"ಏನಿಲ್ಲ. ನಿನ್ನ ಚೀಟಿಗೆ ಏನೂ ಆಗಲ್ಲ. ಯಾರಿಗೂ ಹೇಳ್ಬೇಡ, ಟೀ ಕುಡಿ."

ಹೋಗಿ ಬೆಂಚ್ ಮೇಲೆ ಕೂತೆ. ಮೆಹನಾಜ್ ಮುಖ ತೊಳ್ಕೊಂಡು ಬಂದು ನಾಲ್ಕನೇ ಸಲ ಶುರು ಮಾಡಿದ್ಲು. ನಾಲ್ಕು ಗಂಟೆಗೆ ಒಂದು ಲಾರಿ ಬಂತು. ನಾನು ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಪಟ್ಟೆ ನಿಲ್ಲಲಿಲ್ಲ. ನಾಲ್ಕೂವರೆ ದಾಟಿದ ಮೇಲೆ ಆಫೀಸಿನೊಳಗಿಂದ "ಆಯ್ತು!" ಅಂತ ಅವಳ ಕೂಗು. ಒಳಗೆ ಓಡಿದೆ. ಸರ್ವರ್ ಎದ್ದು ನಿಂತು, ಒಳಗೆ ಬರೋರ ಹೆಸರು ಕೇಳ್ತಿತ್ತು. ಮೋಹನ್‌ಕುಮಾರ್ ಬಂದು ಬಗ್ಗಿ ನೋಡಿ, ಭೇಷ್ ಅಂದು, ರಿಪೋರ್ಟಿನ ಹಾಳೆ ಅವಳ ಮುಂದೆ ಇಟ್ರು.

"ಸೈನ್ ಹಾಕಮ್ಮ. ಇಂಜಿನಿಯರ್ ಅಂತ ಇದೆಯಲ್ಲ, ಅಲ್ಲಿ."

ಮೆಹನಾಜ್ ಪೆನ್ ತಗೊಂಡ್ಲು. ಕ್ಯಾಪ್ ತೆಗೆದ್ಲು. ಆಮೇಲೆ ಮತ್ತೆ ಮುಚ್ಚಿದ್ಲು.

"ಇಲ್ಲ ಸಾರ್, ಈಗಲೇ ಹಾಕಲ್ಲ."

"ಯಾಕಮ್ಮಾ? ಓಡ್ತಿದೆಯಲ್ಲ?"

"ಓಡ್ತಿದೆ. ಆದ್ರೆ ಯಾಕೆ ಓಡ್ತಿದೆ ಅಂತ ನನಗೆ ಗೊತ್ತಿಲ್ಲ ಸಾರ್. ಮೂರು ಸಲ ನಿಂತಿದ್ದು ಈ ಸಲ ನಿಲ್ಲಲಿಲ್ಲ, ನಾನು ಏನೂ ಬದಲಾಯಿಸೇ ಇಲ್ಲ. ಇವತ್ತು ತಾನಾಗೇ ಸರಿಹೋದದ್ದು ನಾಳೆ ತಾನಾಗೇ ಕೆಡುತ್ತೆ. ಕಾರಣ ಸಿಗೋವರೆಗೂ ನಾನು ಸೈನ್ ಹಾಕಲ್ಲ. ಇನ್ನೊಂದೆರಡು ಗಂಟೆ ಕೊಡಿ."

"ಐದು ಗಂಟೆ ಅಂತ ಹೇಳಿದ್ದೆ ನಾನು" ಅಂದ್ರು ಅವರು. ದನಿ ಗಡುಸಾಗಿತ್ತು. "ಬೆಂಗಳೂರಿನವರಿಗೆ ಐದಕ್ಕೆ ಹೇಳ್ತೀನಿ ಅಂತ ಮಾತು ಕೊಟ್ಟಿದೀನಿ. ಸೈನ್ ಹಾಕಿದ್ರೆ ಕೆಲಸ ನಿಂದು. ಇಲ್ಲ ಅಂದ್ರೆ ನೀನೇ ಬಿಟ್ಟುಕೊಟ್ಟಂಗಾಯ್ತು, ನೋಡು."

ಅವಳು ಪೆನ್ನನ್ನ ಹಾಳೆ ಮೇಲೆ ಇಟ್ಟು ಹಿಂದಕ್ಕೆ ಸರಿದ್ಲು. "ಹಂಗಾದ್ರೆ ಹಂಗೇ ಆಗ್ಲಿ ಸಾರ್" ಅಂದ್ಲು.

ಯಾ ಅಲ್ಲಾ! ಅವಳನ್ನ ಉಳಿಸೋಕೆ ಹೋಗಿ ನಾನೇ ಮುಳುಗಿಸ್ತಿದ್ದೆ. ನೆಲ ಬಿರಿದು ನನ್ನನ್ನ ಒಳಗೆ ಎಳ್ಕೋಬಾರ್ದಾ ಅನ್ನಿಸ್ತು.

"ತಪ್ಪು ನಂದು ಸಾರ್" ಅಂದೆ. ವೇ ಬ್ರಿಡ್ಜಿನ ಮೆಷಿನ್ನು, ಆ ನಂಬರ್ರು, ಬರೆಯದೆ ಬಿಟ್ಟಿದ್ದು, ಈಗ ಕೇಬಲ್ ಕಿತ್ತಿದ್ದು, ಒಂದೂ ಬಿಡದೆ ಒಪ್ಪಿಸಿದೆ. ಆಫೀಸಿನ ಗುಮಾಸ್ತರು ಕತ್ತೆತ್ತಿ ನೋಡ್ತಿದ್ರು.

ಮೆಹನಾಜ್ ನನ್ನನ್ನೇ ನೋಡಿದ್ಲು. "ಪಟ್ಟೀಲಿ ಎಂಬತ್ತಾರು ಇರ್ಲಿಲ್ಲ. ಅಬ್ಬಾ ಮುಂದೆ ದೊಡ್ಡ ಮೆಷಿನ್ ಬಂದ್ರೆ ಇರಲಿ ಅಂತ ಬೇಕಂತಲೇ ಖಾಲಿ ಬಿಟ್ಟಿದಾರೆ ಅಂದ್ಕೊಂಡೆ."

"ಬಿಟ್ಟಿದ್ದಲ್ಲಮ್ಮ. ಮರೆತಿದ್ದು."

"ಮರೆತಿದ್ದಾ? ನಾಲ್ಕೂವರೆ ವರ್ಷ?" ಅಂತ ಸೊಂಟಕ್ಕೆ ಕೈ ಕೊಟ್ಟು ಶುರು ಮಾಡಿದ್ಲು ನೋಡಿ! "ಬರೆದಿಡ್ಬೇಕು ಅಂತ ಗೊತ್ತಿಲ್ವಾ ನಿಮಗೆ? ನಾನು ಕೇಬಲ್, ಕಾರ್ಡು ಎಲ್ಲ ಕಿತ್ತು ಹಾಕಿದೆ! ಕಂಡುಬಿಟ್ಟ ಮೇಲೂ ಹೇಳದೆ ಕಳ್ಳನ ಥರ ಹೋಗಿ ಕೇಬಲ್ ಕೀಳೋದಾ? ನಾಳೆ ಚೌಡಪ್ಪಣ್ಣ ಮತ್ತೆ ಚುಚ್ಚಿದ್ರೆ ಫ್ಯಾಕ್ಟರಿ ನಿಲ್ಲಲ್ವಾ?" ನಾನು ಅವಳಿಗೆ ಬೈಯೋ ರಾಗದಲ್ಲೇ, ಒಂದಕ್ಷರ ಕಮ್ಮಿ ಇಲ್ಲ. ನಾನು ತಲೆ ತಗ್ಗಿಸ್ಕೊಂಡು ನಿಂತಿದ್ದೆ. ಒಳಗೊಳಗೆ ಹೇಳಲಾರದಷ್ಟು ಹೆಮ್ಮೆ.

ಬೈದು ಮುಗಿಸಿ ಕೆಲಸಕ್ಕಿಳಿದ್ಲು. ಸರ್ವರ್‌ಗೆ ಬೇರೆ ನಂಬರ್ ಕೊಟ್ಲು. ತಾನೇ ವೇ ಬ್ರಿಡ್ಜ್ ರೂಮಿಗೆ ಹೋಗಿ ಕೇಬಲ್ ವಾಪಸ್ ಚುಚ್ಚಿದ್ಲು. ಚೌಡಪ್ಪನ ಕೈಲಿ ಆ ಮೆಷಿನ್ನನ್ನ ನಾಲ್ಕು ಸಲ ಆಫ್ ಮಾಡಿಸಿ ಆನ್ ಮಾಡಿಸಿದ್ಲು. ಡಬ್ಬಿ ಬರಲಿಲ್ಲ. ಸರ್ವರ್ ಅಲ್ಲಾಡ್ಲಿಲ್ಲ. ಪಟ್ಟೀಲಿ ಎರಡೂ ನಂಬರ್ ದಪ್ಪಕ್ಷರದಲ್ಲಿ ಬರೆದು, ಆಮೇಲೆ ಪೆನ್ನಿನ ಕ್ಯಾಪ್ ತೆಗೆದ್ಲು. ಆಗ ಐದೂ ಇಪ್ಪತ್ತು.

ಅಷ್ಟರಲ್ಲಿ ಮೋಹನ್‌ಕುಮಾರ್ ಮೇಜಿನ ಮೇಲಿನ ಫೋನ್ ಬಡ್ಕೊಳ್ತು. ಎತ್ತಿದ್ರು. ಆ ಕಡೆ ಬೆಂಗಳೂರಿನವರು ಏನೇನೋ ಹೇಳ್ತಿದ್ರು. ಇವರು ಮೆಹನಾಜ್ ಕಡೆ ನೋಡ್ತಾನೇ ಕೇಳಿಸ್ಕೊಂಡ್ರು.

"ಬೇಡಪ್ಪಾ" ಅಂದ್ರು. "ನಮ್ಮ ಇಂಜಿನಿಯರ್ ಇಲ್ಲೇ ಇದಾರೆ."

ಆಗ ಸೈನ್ ಹಾಕಿದ್ಲು. ‘ಮೆಹನಾಜ್’ ಅಂತ ಪೂರ್ತಿ, ಅಕ್ಷರ ಬಿಡಿಸಿ.

ವಾಪಸ್ ಬರ್ತಾ ಮಲ್ಲಸಂದ್ರ ದಾಟಿದ್ವಿ. ನಾನು ಹಿಂದೆ ಬ್ಯಾಗ್ ತಬ್ಕೊಂಡು ಕೂತಿದ್ದೆ, ಮಾತಾಡಿಸೋಕೂ ಧೈರ್ಯ ಇಲ್ಲ.

"ನಾನೇ ಕಂಡುಹಿಡೀತಿದ್ದೆ" ಅಂದ್ಲು ಕೊನೆಗೆ, ತಿರುಗಿ ನೋಡದೆ.

"ಹ್ಞೂಂ. ಹಿಡೀತಿದ್ದೆ."

"ಅದು ಗೊತ್ತಿದ್ದೂ ಯಾಕೆ ಕಿತ್ರಿ?"

"ನೀನು ಅಳ್ತಿದ್ದೆ ಕಣೇ. ಕಿಟಕೀಲಿ ನೋಡ್ದೆ. ನನ್ನ ಕೈಲಿ ತಡೆಯೋಕಾಗ್ಲಿಲ್ಲ."

ಸ್ಕೂಟಿ ಸ್ವಲ್ಪ ನಿಧಾನವಾಯ್ತು. ಅವಳು ಎಡಗೈ ಹಿಂದಕ್ಕೆ ಚಾಚಿ, ಬ್ಯಾಗಿನ ಮೇಲೆ ನಡುಗ್ತಿದ್ದ ನನ್ನ ಕೈನ ಒಂದು ಸಲ ಅಮುಕಿ ಮತ್ತೆ ಹ್ಯಾಂಡಲ್‌ಗೆ ತಗೊಂಡ್ಲು.

"ನಾನು ಅಳ್ತಾ ಅಳ್ತಾನೂ ಕೆಲಸ ಮಾಡ್ತೀನಿ ಅಬ್ಬಾ. ಮುಂದಿನ ಸಲ ಅಳೋಕೆ ಬಿಡಿ."

"ಆಯ್ತಮ್ಮ" ಅಂದೆ. ಗಾಳಿ ಜೋರಾಗಿತ್ತು. ಅವಳಿಗೆ ಕೇಳಿಸ್ತೋ ಇಲ್ವೋ ಅಂತ ಇನ್ನೊಂದು ಸಲ ಜೋರಾಗಿ ಅಂದೆ.